ಮನೆಗಾಡಿಗೆ ಹನ್ನೆರಡು ಮಣಿದೀಪ

ಮಾಘ ಶುದ್ಧ ಪಂಚಮಿ. ಬೆಳಿಗ್ಗೆ ತೆಳು ಮಂಜು, ಆಮೇಲೆ ಚುರುಗುಟ್ಟುವ ಬಿಸಿಲು. ಏಳುಕಣಿವೆ ಎಂಬ ರಾಜ್ಯ ಇನ್ನೂ ಇದ್ದ ಕಾಲವದು. ಅಲ್ಲಿ ತಿಮ್ಮೋಜನೆಂಬ ಬಡಗಿಗೆ ಒಂದು ಮನೆಗಾಡಿಯಿತ್ತು. ಎತ್ತಿನ ಗಾಡಿಯೇ, ಆದರೆ ಒಳಗೆ ಮಂಚ, ಒಲೆ, ಕಪಾಟು ಎಲ್ಲ ಇದ್ದವು. ಅವನೂ ಹೆಂಡತಿ ಬೊಮ್ಮಕ್ಕನೂ ಅದರಲ್ಲೇ ಊರೂರು ತಿರುಗಿ ಬದುಕುತ್ತಿದ್ದರು.

ಬೊಮ್ಮಕ್ಕನಿಗೆ ದಿನ ಹತ್ತಿರವಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅವಳ ಅವ್ವ ಸೂಲಗಿತ್ತಿ ಬೇರೆ. ತವರಿಗಿದ್ದ ದಾರಿ ಒಂದೇ, ಕತ್ತಲ ಕಣಿವೆಯ ಮೂಲಕ ಮೂರು ದಿನ. ಅಲ್ಲಿ ಮಬ್ಬರಾಯನೆಂಬ ಮಾಂತ್ರಿಕ ಹಗಲನ್ನೇ ನುಂಗಿ ಕುಳಿತಿದ್ದ. ಯಾರು ದೀಪ ಹಚ್ಚಿದರೂ ಊದಿ ಆರಿಸುತ್ತಿದ್ದ. ಕತ್ತಲಲ್ಲಿ ಹುಟ್ಟಿದ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದ.

"ಬೆಂಕಿಯಿಲ್ಲದ ಬೆಳಕು ಬೇಕು ಕಣ್ರೀ. ಊದಿದರೆ ಆರಬಾರದು," ಎಂದಳು ಬೊಮ್ಮಕ್ಕ.

ಕೆರೆಯ ದಿಬ್ಬದ ಮೇಲೆ ಒಂದು ಆಮೆಯಿತ್ತು. ಅದು ದಿನವಿಡೀ ಬಿಸಿಲು ತಿಂದು ಚಿಪ್ಪಿನಲ್ಲಿ ತುಂಬಿಟ್ಟುಕೊಳ್ಳುತ್ತಿತ್ತು. ತಿಮ್ಮೋಜ ಕೈಮುಗಿದು ಕೇಳಿದ.

"ಬರುತ್ತೇನೆ," ಎಂದಿತು ಆಮೆ. "ಗಾಡಿಯ ಕೆಳಗೆ ನನಗೊಂದು ತೊಟ್ಟಿಲು ಕಟ್ಟು. ಚಿಪ್ಪಿನಿಂದ ತಾಮ್ರದ ತಂತಿ ಎಳೆದು ಗಾಜಿನ ಮಣಿಗೆ ಸೇರಿಸು. ಸ್ವಲ್ಪವೇ ತೆಗೆದುಕೋ."

ತಿಮ್ಮೋಜ ಹೆಬ್ಬೆರಳು ದಪ್ಪದ ತಂತಿ ಎಳೆದ, ತೆಂಗಿನಕಾಯಿ ಗಾತ್ರದ ಮಣಿ ತೂಗಿಸಿದ. ಮಣಿ ಸೂರ್ಯನಂತೆ ಉರಿದು ಠಪ್ಪೆಂದು ಸಿಡಿಯಿತು.

"ಮಗುವಿನ ಮುಖ ಕಂಡರೆ ಸಾಕಲ್ರೀ," ಎಂದಳು ಬೊಮ್ಮಕ್ಕ, ಸೆರಗು ಕೊಡವುತ್ತ. "ಇಲ್ಲೇನು ದರ್ಬಾರು ನಡೆಸುತ್ತೀರಾ?"

ಎರಡನೆಯ ಸಲ ತೆಳು ತಂತಿ, ಕಡಲೆಕಾಳಿನಷ್ಟು ಹನ್ನೆರಡು ಮಣಿ. ಆದರೆ ಬಡಗಿಯ ಕೈ. ಮೊಳೆ ಹೊಡೆಯದೆ ಯಾವುದನ್ನೂ ನಂಬದು. ಗೇಣಿಗೊಂದು ಮೊಳೆ ಹೊಡೆದ. ಮೊಳೆ ತಂತಿಯನ್ನು ಕಚ್ಚಿತು, ಬೆಳಕು ಸೋರಿ ಗಾಲಿಯ ಕಬ್ಬಿಣದ ಪಟ್ಟಿಗೆ ಇಳಿಯಿತು, ಎತ್ತುಗಳು ಎರಡು ಮೊಳ ನೆಗೆದವು.

"ಅಯ್ಯಾ, ನಾನೇನು ಬಾಗಿಲ ಚೌಕಟ್ಟೇ?" ಎಂದಿತು ಆಮೆ.

ಮೂರನೆಯ ಸಲ ತಿಮ್ಮೋಜ ಸುತ್ತಿಗೆಯನ್ನು ಮುಟ್ಟಲಿಲ್ಲ. ತಂತಿಯನ್ನು ಟೊಳ್ಳು ಬಿದಿರಿನೊಳಗೆ ತೂರಿಸಿ, ಸಂದುಗಳಿಗೆ ಅರಗು ಮೆತ್ತಿ, ನೂಲಿನಿಂದ ಬಿಗಿದ. ಮಂಚದ ಮೇಲೆ, ಒಲೆಯ ಪಕ್ಕ, ಮೆಟ್ಟಿಲ ಬಳಿ ಹನ್ನೆರಡು ಮಣಿಗಳೂ ಜೇನಿನ ಬಣ್ಣಕ್ಕೆ ಬೆಳಗಿದವು.

ಗಾಡಿ ಕಣಿವೆಗೆ ಇಳಿಯಿತು. ಮೊದಲ ದಿನ ಮಬ್ಬರಾಯ ಊದಿದ. ಗಾಡಿ ಅಲುಗಿತು, ಬೆಳಕು ಅಲುಗಲಿಲ್ಲ. ಎರಡನೆಯ ದಿನ ಊದಿದ. ಪಾತ್ರೆಗಳು ಉರುಳಿದವು, ಬೆಳಕು ಅಲುಗಲಿಲ್ಲ. ಮೂರನೆಯ ದಿನ ಬೊಮ್ಮಕ್ಕನಿಗೆ ನೋವು ಬಂತು. ಅದೇ ಹೊತ್ತಿಗೆ ಮಣಿಗಳು ಮಂಕಾದವು.

"ಬಿಸಿಲು ಮುಗಿಯಿತು," ಎಂದಿತು ಆಮೆ.

"ಹನ್ನೊಂದನ್ನು ಬಿಡಿಸಿ, ಇದೊಂದಿರಲಿ," ಎಂದಳು ಬೊಮ್ಮಕ್ಕ. ತಿಮ್ಮೋಜ ಬಿಡಿಸಿದ. ಉಳಿದ ಒಂದೂ ಕೆಂಪಗಾಗುತ್ತ ಬಂತು. ಹೊರಗೆ ಮಬ್ಬರಾಯ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದ.

"ನಿನ್ನೊಳಗೆ ಬಿಸಿಲಿನ ದಿನಗಳಿವೆ," ಎಂದಿತು ಆಮೆ. "ಎಲ್ಲಕ್ಕಿಂತ ಬೆಳಕಾದ ಒಂದು ದಿನ ಕೊಡು. ಕೊಟ್ಟದ್ದು ಹಿಂದಕ್ಕೆ ಬರದು."

ತಿಮ್ಮೋಜ ಬೊಮ್ಮಕ್ಕನ ಮುಖವನ್ನೊಮ್ಮೆ ನೋಡಿ, ಚಿಪ್ಪಿನ ಮೇಲೆ ಅಂಗೈ ಇಟ್ಟ. ಮಣಿ ಬೆಳಗಿತು. ಸೂಲಗಿತ್ತಿಯ ಮಗಳು ಹೇಳಿಕೊಟ್ಟಳು, ಬಡಗಿ ಹಾಗೇ ಮಾಡಿದ. ಹೆಣ್ಣುಮಗು ಬೆಳಕಿನಲ್ಲಿ ಹುಟ್ಟಿ ಬೆಳಕಿನಲ್ಲೇ ಅತ್ತಿತು.

ಮಬ್ಬರಾಯ ಇದ್ದ ಉಸಿರನ್ನೆಲ್ಲ ಊದಿದ. ಬೆಳಕು ಅಲುಗಲಿಲ್ಲ. ಅವನು ಬರಿದಾದ ತೊಗಲುಚೀಲದಂತೆ ಮುದುಡಿ ಬಿದ್ದ. ನುಂಗಿದ್ದ ಹಗಲುಗಳೆಲ್ಲ ಅವನ ಬಾಯಿಂದ ಹೊರಬಂದು ಕಣಿವೆ ತುಂಬಿದವು. ಅವನು ಒಯ್ದಿದ್ದ ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ತಾಯಂದಿರ ಬಳಿಗೆ ನಡೆದರು. ಅಂದಿನಿಂದ ಆ ಕಣಿವೆಯ ಜನ ಹಗಲು ಕಂಡು, ಉಂಡು, ನಕ್ಕು ಬಾಳಿದರು.

ತವರಿನಲ್ಲಿ ನಾಮಕರಣದ ಊಟ. ಅತ್ತೆ ತುಪ್ಪ ಬಡಿಸುತ್ತ ಕೆಣಕಿದಳು: "ಅಳಿಯಂದಿರೇ, ಪೇಟ ಭದ್ರ! ಮದುವೆಯ ದಿನ ಮಜ್ಜಿಗೆ ಹಂಡೆಗೆ ಬೀಳಿಸಿದ್ದಿರಲ್ಲ!"

ಪಂಕ್ತಿಯೆಲ್ಲ ನಕ್ಕಿತು. ತಿಮ್ಮೋಜ ತಲೆಯೆತ್ತಿ ಕೇಳಿದ: "ಯಾರ ಮದುವೆ, ಅತ್ತೆ?"

ಅತ್ತೆಯ ಕೈಯಲ್ಲಿ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಬೊಮ್ಮಕ್ಕ ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿ ಪಕ್ಕದಲ್ಲಿ ಕುಳಿತಳು.

"ನಮ್ಮದೇ ಕಣ್ರೀ. ಎಲ್ಲ ನಾನು ಹೇಳುತ್ತೇನೆ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅವ್ವಾ, ಆಮೆಗೆ ಇವರು ಕೊಟ್ಟದ್ದು ಆ ದಿನವನ್ನೇ."