ಅತ್ತಿಗೆಯ ಹೆಸರಲ್ಲಿದ್ದ ಸ್ಕ್ರೂ

ಪಂಪಾವತಿ ಅವನನ್ನು ಮೊದಲ ಸಲ ನೋಡಿದಾಗ ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಗುದ್ದಿದವನು ಅವಳ ಅಣ್ಣ ವಿರುಪಣ್ಣ!

"ದುರುಗವ್ವ ನನ್ನ ಹೆಂಡ್ತಿ. ಆಕಿಗೆ ಏನೂ ಆಗಿಲ್ಲ. ನಡಿ ಹೊರಗ!"

"ಆಗಿಲ್ಲಂದ್ರ ಭಾಳ ಛಲೋ ಆತ್ರಿ," ಎಂದು ಗೋವಿಂದರಾಜ ಮೂಗು ಒರೆಸಿಕೊಂಡ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದವನು ಅವನು. "ಆದ್ರ ಎರಡು ವರ್ಷದ ಹಿಂದ ಅವರ ಬೆನ್ನಾಗ ಹಾಕಿದ ಸ್ಕ್ರೂ ಸರಿ ಇಲ್ರಿ. ಅದನ್ನ ಮಾಡಿದ ಕಂಪನಿಯವರ ವಾಪಸ್ ತಗೊಳ್ಳಾಕತ್ತಾರ. ಸಡಲಾದ್ರ ಕಾಲ ಹೋಗ್ತಾವ!"

ಆಗಲೇ ದುರುಗವ್ವ ಎರಡು ತುಂಬಿದ ಕೊಡ ಹೊತ್ತು ಸರಸರನೆ ಮೆಟ್ಟಿಲು ಹತ್ತಿದಳು. ಗೋವಿಂದರಾಜ ಬಾಯಿ ಬಿಟ್ಟು ನೋಡಿದ. ಆಮೇಲೆ ಅವನ ಕಣ್ಣು, ಬಾಗಿಲ ಹಿಂದೆ ಸೊಂಟಕ್ಕೆ ಬೆಲ್ಟ್ ಬಿಗಿದು ನಿಂತಿದ್ದ ಪಂಪಾವತಿಯ ಮೇಲೆ ಬಿತ್ತು.

ಅವಳು ಥಟ್ಟನೆ ಹಿಂದೆ ಸರಿದಳು. ಇವನಿಗೆ ಗೊತ್ತಾಯಿತು!

ಅಣ್ಣ ದುಡಿಯುತ್ತಿದ್ದ ಗಿಣಿಗೇರಾದ ಕಾರ್ಖಾನೆಯ ವಿಮಾ ಕಾರ್ಡು ಹೆಂಡತಿಗೆ ನಡೆಯುತ್ತಿತ್ತು, ತಂಗಿಗೆ ನಡೆಯುತ್ತಿರಲಿಲ್ಲ. ಮಾಳಿಗೆಯಿಂದ ಬಿದ್ದ ತಂಗಿಯನ್ನು ವಿರುಪಣ್ಣ ಹೆಂಡತಿಯ ಹೆಸರಲ್ಲೇ ಆಪರೇಷನ್‌ಗೆ ಮಲಗಿಸಿದ್ದ. ಬಯಲಾದರೆ ನೌಕರಿ ಹೋಗುತ್ತಿತ್ತು.

ಎಂಟು ದಿನಕ್ಕೆ ಗೋವಿಂದರಾಜ ಮತ್ತೆ ಬಂದ. ಮನೆಯಲ್ಲಿ ಪಂಪಾವತಿ ಒಬ್ಬಳೇ.

"ನಿಮ್ಮ ಜೋಡಿ ಮಾತಾಡಬೇಕಿತ್ರಿ..."

ಅಣ್ಣನ್ನ ಹಿಡಿಸಾಕ ಬಂದಾನ! ಅವಳ ತಲೆ ಕೆಟ್ಟಿತು. ಕೈಗೆ ಸಿಕ್ಕ ಹಿತ್ತಾಳೆ ತಂಬಿಗೆಯನ್ನು ಬೀಸಿ ಒಗೆದಳು. ಅವನ ಹುಬ್ಬು ಸೀಳಿತು.

ಅದೇ ಕ್ಷಣ ಅವಳ ಬೆನ್ನಲ್ಲಿ ಏನೋ ಕಟಕ್ಕೆಂದಿತು. ಚೀರಿ ಬಿದ್ದಳು. ಕಾಲುಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ!

"ಅಳ್ಳಾಡಬ್ಯಾಡ್ರಿ!" ಅವನು ಮಂಡಿಯೂರಿ ಅವಳ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದ. ಅವನ ರಕ್ತ ಅವಳ ಕೆನ್ನೆಗೆ ತೊಟ್ಟಿಕ್ಕಿತು.

ಪಾಳಿ ಮುಗಿಸಿ ಬಂದ ವಿರುಪಣ್ಣನಿಗೆ ಕಂಡದ್ದು ತಂಗಿಯ ಮೇಲೆ ಬಾಗಿದ ಗಂಡಸು. ಕೇಳಿ ತಿಳಿಯುವ ತಾಳ್ಮೆ ಆ ಮನುಷ್ಯನಿಗೆ ಎಂದಿತ್ತು? ಕಟ್ಟಿಗೆ ಎತ್ತಿ ಬಾರಿಸಿದ. ಒಂದು... ಎರಡು... ಗೋವಿಂದರಾಜನ ಮುಂಗೈ ಮುರಿಯಿತು. ಅವನು ಮಾತ್ರ ಹಿಡಿತ ಬಿಡಲಿಲ್ಲ, ಬಿಟ್ಟರೆ ಅವಳು ಹೊರಳುತ್ತಿದ್ದಳು.

"ಅಣ್ಣಾ, ಸಾಕು! ಸ್ಕ್ರೂ ಸಡಲಾಗೇತಿ... ಅವರು ನನ್ನ ಉಳಸಾಕತ್ತಾರ!"

ಕಟ್ಟಿಗೆ ಕೈಜಾರಿತು.

ಹಲಗೆಯ ಮೇಲೆ ಮಲಗಿಸಿ, ಟೆಂಪೋದಲ್ಲಿ ಹುಬ್ಬಳ್ಳಿಗೆ ಒಯ್ದರು. ಕೌಂಟರಿನಲ್ಲಿ ಹೆಸರು ಕೇಳಿದಾಗ ವಿರುಪಣ್ಣ ಬಿಕ್ಕಿದ. "ಪಂಪಾವತಿ ಅಂತ್ರಿ. ನನ್ನ ತಂಗಿ. ಹಿಂದ ಸುಳ್ಳ ಬರಸಿದ್ದೆ... ನೌಕರಿ ಹೋದ್ರ ಹೋಗ್ಲಿ, ಆಕಿ ಕಾಲ ಉಳಸ್ರಿ!"

ನೌಕರಿ ಹೋಯಿತು.

ಕೆಟ್ಟ ಸ್ಕ್ರೂಗಳನ್ನು ತೆಗೆದ ಮೂರನೇ ದಿನ ಗೋವಿಂದರಾಜ ಅವಳ ಹಾಸಿಗೆಯ ಬಳಿ ಬಂದ. ಹುಬ್ಬಿಗೆ ಹೊಲಿಗೆ, ಕೈಗೆ ಪ್ಲಾಸ್ಟರ್.

"ಬೆರಳು ಅಳ್ಳಾಡಸ್ರಿ ನೋಡೋಣು..."

ಕಾಲಿನ ಹೆಬ್ಬೆರಳು ಮೆಲ್ಲಗೆ ಅಲುಗಿತು. ಇಬ್ಬರೂ ಅತ್ತುಬಿಟ್ಟರು.

"ಒಮ್ಮೆ ಹೊಡತ ತಿಂದ ಮ್ಯಾಲೂ ಯಾಕ ಬಂದ್ರಿ?"

"ಸ್ಕ್ರೂ ಹಾಕಿದವರ ಲಿಸ್ಟಿನಾಗ ನಿಮ್ಮ ಹೆಸರ ಇದ್ದಿಲ್ರಿ. ನಾ ಬಿಟ್ರ ಯಾರೂ ನಿಮ್ಮನ್ನ ಹುಡುಕ್ತಿದ್ದಿಲ್ಲ..." ತಡೆದು ಹೇಳಿದ, "ನಿಮ್ಮ ಮುಖಾನೂ ಕಣ್ಣಾಗಿಂದ ಹೋಗ್ಲಿಲ್ರಿ."

ಪಂಪಾವತಿ ಅವನ ಹುಬ್ಬಿನ ಹೊಲಿಗೆಯನ್ನು ನೋಡಿದಳು.

"ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ."

ಅವನ ಮುಖ ಸಪ್ಪಗಾಯಿತು. ಅವಳು ಅವನ ಮುರಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ನಾನ ನಡಕೋತ ಬರ್ತೀನ್ರಿ... ನಿಮ್ಮ ಮನಿಗೆ."