ಆರಲ್ಲ, ಅದು ಐದು!

“ಇಲ್ಲ ಅಂತ ಮಾತ್ರ ಹೇಳ್ಬೇಡಿ!”

ಗಾಜಿನ ಕೌಂಟರ್ ಮೇಲೆ ಧಡ್ ಎಂದು ಏನೋ ಬಿತ್ತು. ಟ್ರಾಕ್ಟರ್ ಬೇರಿಂಗುಗಳನ್ನು ಜೋಡಿಸುತ್ತಿದ್ದ ರಮ್ಯಶ್ರೀ ಬೆಚ್ಚಿ ತಲೆ ಎತ್ತಿದಳು.

ಎದುರಿಗೆ ಒಬ್ಬ ಯುವಕ. ಅಂಗಿಯ ತುಂಬ ಗ್ರೀಸ್. ಬಿಸಿಲಿಗೆ ಕೆಂಪಾದ ಕಣ್ಣು. ಕೌಂಟರ್ ಮೇಲೆ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಬಿದ್ದಿತ್ತು.

“ಏನ್ರೀ ಇದು? ಗಾಜು ಒಡೆದಿದ್ರೆ?”

“ಸಾರಿ ಕಣ್ರೀ... ಮೈಸೂರಲ್ಲಿ ಯಾವ ಅಂಗ್ಡೀಗ್ ಹೋದ್ರೂ ನೋಡಿ ನಕ್ಕು ಕಳಿಸಿದ್ರು. ನೀವೂ ನಗೋದಾದ್ರೆ ಬೇಗ ನಕ್ಕುಬುಡಿ. ಕಂಪಲಾಪುರದ ಬಸ್ ಹಿಡೀಬೇಕು ನಾನು.”

ರಮ್ಯಶ್ರೀಗೆ ನಗು ಬರಲಿಲ್ಲ. ಆ ದನಿಯಲ್ಲಿದ್ದ ಸೋಲು ಅವಳನ್ನು ತಟ್ಟಿತು. ಅವಳು ಆ ತುಂಡನ್ನು ಎತ್ತಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ಒರೆಸತೊಡಗಿದಳು.

“ಬ್ರೇಕಿನ ಮಾಸ್ಟರ್ ಸಿಲಿಂಡರ್. ಯಾವ ಗಾಡಿದು?”

“ಫೋರ್ಡ್ ಫಾಲ್ಕನ್. ಅಮೆರಿಕದ್ದು. ನಮ್ ತಾತ ವಯಸ್ನಲ್ಲಿ ಕೊಡಗಿನ ಸಾಹುಕಾರರೊಬ್ರ ಹತ್ರ ತಗೊಂಡಿದ್ದು. ಸ್ಟೀರಿಂಗು ಎಡಗಡೆ!”

ಹುಣಸೂರಿನ ಆ ಬಿಡಿಭಾಗಗಳ ಅಂಗಡಿ ಅವಳ ಅಪ್ಪ ಪ್ರಭುಸ್ವಾಮಿಯವರದು. ಅಪ್ಪನಿಗೆ ಬೆನ್ನುನೋವು ಹೆಚ್ಚಾದ ಮೇಲೆ, ಬಿ.ಕಾಂ. ಮುಗಿಸಿದ ರಮ್ಯಶ್ರೀಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಕೊಡಗಿನ ತೋಟದವರು ಆಗಾಗ ಹಳೆಯ ಅಮೆರಿಕನ್ ಕಾರುಗಳ ಸಾಮಾನು ಹುಡುಕಿಕೊಂಡು ಬರುತ್ತಿದ್ದರು. ಅವರಿಗಾಗಿ ಮೊಬೈಲಿನಲ್ಲಿ ಹುಡುಕುತ್ತ, ಆ ಕಾರುಗಳ ಬಿಡಿಭಾಗಗಳ ನಂಬರು ಓದುವುದನ್ನು ಅವಳು ಕಲಿತುಬಿಟ್ಟಿದ್ದಳು.

“ನೋಡಿ ಇಲ್ಲಿ. ಮೊದಲನೇ ಅಕ್ಷರ ‘ಸಿ’. ಅಂದ್ರೆ ಅರವತ್ತರ ದಶಕ. ಅದರ ಪಕ್ಕದ ಅಂಕಿ ವರ್ಷ. ಆಮೇಲೆ ‘ಡಿ’, ಅದು ಫಾಲ್ಕನ್. ಕೊನೇಲಿರೋ 2140 ಅಂದ್ರೆ ಮಾಸ್ಟರ್ ಸಿಲಿಂಡರ್.”

ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಂಬರನ್ನಲ್ಲ... ಅವಳನ್ನು!

“ವರ್ಷ ಯಾವ್ದು?”

ಆ ಅಂಕಿಯ ಮೇಲೆ ತುಕ್ಕು ಗಂಟು ಕಟ್ಟಿತ್ತು. ಅವಳು ಬೆಳಕಿಗೆ ಹಿಡಿದು ನೋಡಿದಳು. ಹೊರಗೆ ಅವನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

“ಆರು... ಅರವತ್ತಾರರ ಗಾಡಿ.”

“ಆರ್‌ಸಿಲಿ ಅರವತ್ತೇಳು ಅಂತದೆ?”

“ಅದು ಇಲ್ಲಿ ನೋಂದಣಿ ಆದ ವರ್ಷ ಇರುತ್ತೆ. ಇದನ್ನ ಬಿಟ್ಟು ಹೋಗಿ, ತರಿಸಿ ಕೊಡ್ತೀನಿ. ಹೆಸರು?”

“ಗೌರೀಶ್.” ಬಾಗಿಲ ತನಕ ಓಡಿದವನು ತಿರುಗಿ ನಿಂತ. “ನಗಲಿಲ್ವಲ್ಲ, ಥ್ಯಾಂಕ್ಸ್ ಕಣ್ರೀ!”

ಅವನು ಹೋದ ಮೇಲೆ ಅವಳು ನಕ್ಕಳು.

ಅಂದಿನಿಂದ ಗೌರೀಶ್ ಅಂಗಡಿಗೆ ಬರುವುದು ವಾಡಿಕೆಯಾಯಿತು. ಒಮ್ಮೆ ಕಾರ್ಬುರೇಟರ್, ಇನ್ನೊಮ್ಮೆ ನೀರಿನ ಪಂಪು. ‘ಸಿ’ ಅಂದರೆ ಏನು ಎಂದು ಪ್ರತಿ ಸಲವೂ ಕೇಳುತ್ತಿದ್ದ. ಅವಳೂ ಪ್ರತಿ ಸಲ ಮೊದಲಿನಿಂದ ಹೇಳುತ್ತಿದ್ದಳು. ಅವನು ಮರೆತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ!

ಒಂದು ಭಾನುವಾರ ಅಪ್ಪನ ಜೊತೆ ಕಂಪಲಾಪುರಕ್ಕೆ ಹೋಗಿ ಕಾರನ್ನೂ ನೋಡಿ ಬಂದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು ಆಕಾಶಬಣ್ಣದ ಫಾಲ್ಕನ್. ಅದರ ಬಾನೆಟ್ ಮೇಲೆ ಕೈಯಿಟ್ಟುಕೊಂಡು ಗೌರೀಶನ ತಾತ ಪುಟ್ಟಮಲ್ಲಪ್ಪ ಹೇಳಿದರು, “ನನ್ನ ಮದ್ವೆ ದಿಬ್ಬಣ ಇದ್ರಲ್ಲೇ ಕಣವ್ವ. ಸಾಯೋದ್ರೊಳ್ಗೆ ಒಂದ್ಸಲ ಬೆಟ್ಟದಪುರದ ದೇವಸ್ಥಾನಕ್ಕೆ ಇದ್ರಲ್ಲಿ ಹೋಗ್ಬೇಕು.”

ಹೊಸ ಸಿಲಿಂಡರ್ ಅಮೆರಿಕದಿಂದ ಮುಂಬೈಗೆ, ಅಲ್ಲಿಂದ ಹುಣಸೂರಿಗೆ ಬಂತು. ಗೌರೀಶ್ ಅದನ್ನು ಕೂರಿಸಿದ. ಗಾಡಿ ಓಡಿತು!

“ನಾಳೆ ಗಾಡೀಲೇ ನಿಮ್ಮಂಗ್ಡಿಗೆ ಬತ್ತೀನಿ,” ಅಂದ ಫೋನಿನಲ್ಲಿ. “ನಿಮ್ಗೊಂದು ಮಾತು ಹೇಳ್ಬೇಕು. ಫೋನಲ್ಲಿ ಹೇಳೋ ಮಾತಲ್ಲ...”

ಮರುದಿನ ಬೆಳಿಗ್ಗೆ ಅವಳು ನವಿಲು ಬಣ್ಣದ ಸೀರೆ ಉಟ್ಟಳು. ಅಪ್ಪ ನೋಡಿಯೂ ನೋಡದವರಂತೆ ಪೇಪರ್ ಓದುತ್ತ ಕೂತರು. ಬಿಸಿಲೇರಿತು. ಅವನು ಬರಲಿಲ್ಲ.

ಬಂದದ್ದು ಫೋನು, ಗೌರೀಶನ ಊರಿನ ಹುಡುಗನೊಬ್ಬನದು.

“ಗೌರೀಶಣ್ಣನ ಗಾಡಿ ಹುಣಸೇಮರಕ್ಕೆ ಹೊಡ್ದದೆ ಕಣಕ್ಕ! ರಸ್ತೇಗೆ ಕುರಿ ಮಂದೆ ಅಡ್ಡ ಬಂತು... ಮೈಸೂರಿಗೆ ಕರ್ಕೊಂಡೋಯ್ತಾವ್ರೆ...”

ಆಸ್ಪತ್ರೆಯಲ್ಲಿ ಗೌರೀಶನ ತಾಯಿ ಸುನಂದಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಅತ್ತರು. “ಎಡಗಾಲು ಪುಡಿಯಾಗೋಯ್ತು ಕಣವ್ವ. ಬ್ರೇಕು ಎಷ್ಟು ತುಳುದ್ರೂ ಹಿಡೀಲೇ ಇಲ್ವಂತೆ!”

ಬ್ರೇಕು ಹಿಡಿಯಲಿಲ್ಲ...

ರಮ್ಯಶ್ರೀ ಕೈ ಬಿಡಿಸಿಕೊಂಡಳು. ಹೇಗೆ ಹುಣಸೂರಿಗೆ ವಾಪಸಾದಳೋ ಅವಳಿಗೇ ತಿಳಿಯಲಿಲ್ಲ. ಕೌಂಟರ್ ಕೆಳಗೆ ಆ ಹಳೆಯ ಸಿಲಿಂಡರ್ ಇನ್ನೂ ಇತ್ತು. ತಂತಿ ಬ್ರಷ್ಷಿನಿಂದ ತಿಕ್ಕಿದಳು. ಬೆರಳು ತರಚುವಷ್ಟು ತಿಕ್ಕಿದಳು. ಮೇಲೆ ಸೀಮೆಸುಣ್ಣ ಸವರಿ ಒರೆಸಿದಳು.

ಅಂಕಿಯ ಕೆಳಗಿನ ಹೊಟ್ಟೆಯನ್ನು ಮುಚ್ಚಿದ್ದದ್ದು ತುಕ್ಕು. ತುಕ್ಕು ಹೋದ ಮೇಲೆ ಅದು ಬಾಯಿ ತೆರೆದುಕೊಂಡಿತ್ತು.

ಆರಲ್ಲ... ಅದು ಐದು!

ಅರವತ್ತಾರಕ್ಕೆ ಫಾಲ್ಕನ್ನಿನ ರೂಪವೇ ಬದಲಾಗಿತ್ತು. ಅವಳು ತರಿಸಿದ ಸಿಲಿಂಡರ್ ನೋಡುವುದಕ್ಕೆ ಹಾಗೇ ಇತ್ತು, ಬೋಲ್ಟಿಗೂ ಕೂತಿತ್ತು. ಒಳಗೆ ಪೆಡಲಿನ ಸರಳು ಕೂರುವ ಕುಳಿಯ ಆಳ ಮಾತ್ರ ಬೇರೆ. ಎಷ್ಟು ತುಳಿದರೂ ಸರಳು ಪೂರ್ತಿ ಒತ್ತುವಂತಿರಲಿಲ್ಲ.

‘ಅವನ ಕಾಲು ಮುರಿದದ್ದು ನಾನು...’

ಅವಳು ಕೌಂಟರ್ ಹಿಂದೆ ನೆಲಕ್ಕೆ ಕುಸಿದಳು. ಹೇಳಬೇಕು ಅಂದುಕೊಂಡಳು. ಹೇಳಿದರೆ ಅವನು ಇನ್ನೆಂದೂ ಅವಳ ಮುಖ ನೋಡುವುದಿಲ್ಲ. ಹೇಳದಿದ್ದರೆ ಅವಳು ಹೇಗೆ ಅವನ ಮುಖ ನೋಡುವುದು?

ಹೇಳಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ.

ಗೌರೀಶ್ ಫೋನು ಮಾಡುತ್ತಿದ್ದ. ಅದು ಬಡಿದುಕೊಳ್ಳುವುದನ್ನು ಅವಳು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಮೆಸೇಜ್ ಬಂತು.

‘ಕುಂಟೋದು ಹೋಗಲ್ಲ ಅಂದ್ರು ಡಾಕ್ಟ್ರು. ನಿಮ್ಗೂ ಯಾರೋ ಹೇಳಿರಬೇಕು. ಅರ್ಥ ಆಯ್ತು ಬುಡಿ. ಇನ್ಮೇಲೆ ತೊಂದ್ರೆ ಕೊಡಲ್ಲ.’

ಅಯ್ಯೋ, ಹಾಗಲ್ಲ!

ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕಣ್ಣೀರು ಬಿದ್ದು ಮೊಬೈಲಿನ ಅಕ್ಷರಗಳು ತಾವೇ ಒತ್ತಿಕೊಳ್ಳುತ್ತಿದ್ದವು. ಕೊನೆಗೂ ಏನನ್ನೂ ಕಳಿಸಲಾಗಲಿಲ್ಲ. ಅವನ ಫೋನು ನಿಂತುಹೋಯಿತು.

ಅಪ್ಪ ಒಮ್ಮೆ ಮೆಲ್ಲಗೆ, “ಏನಾಯ್ತಮ್ಮ?” ಎಂದು ಕೇಳಿದರು. “ಏನಿಲ್ಲಪ್ಪ,” ಅಂದಳು. ಹೊಗೆಸೊಪ್ಪು ಬೇಯಿಸುವ ಕಾಲವೂ ಮುಗಿಯಿತು.

ಆಮೇಲೊಂದು ಮಧ್ಯಾಹ್ನ ಗುಜರಿ ಸೋಮಯ್ಯ ಅಂಗಡಿಗೆ ಬಂದ.

“ಆ ಕಂಪಲಾಪುರದ ಅಮೆರಿಕಾ ಕಾರಿನ ಇಂಜಿನ್‌ಗೆ ಗಿರಾಕಿ ಇದ್ರೆ ಹೇಳವ್ವ. ಇವತ್ತು ಎತ್ತಾಕ್ಕೊಂಡ್ ಬತ್ತೀನಿ. ನಾಳೆ ಕೊಯ್ಯೋದು.”

“ಕೊಯ್ಯೋದಾ? ಯಾಕೆ?”

“ಮುದುಕಪ್ಪನೇ ಹೇಳಿ ಕಳಿಸ್ದ. ‘ನನ್ನ ಗಾಡಿನೇ ನನ್ನ ಮೊಮ್ಮಗನ ಕಾಲು ತಿಂತು, ನಂದೇ ಪಾಪ’ ಅಂತ ಕೊರಗಿ ಕೊರಗಿ ಕಡ್ಡಿಯಾಗವ್ನೆ. ಊಟಾನೂ ಸರ್ಯಾಗ್ ಮಾಡ್ತಿಲ್ವಂತೆ.”

ರಮ್ಯಶ್ರೀ ಎದ್ದು ನಿಂತಳು.  ತಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಆ ತಾತ ಊಟ ಬಿಟ್ಟು ಕೂತಿದ್ದಾರೆ!

ಅವಳು ಹಳೆಯ ಸಿಲಿಂಡರನ್ನು ಬ್ಯಾಗಿಗೆ ಹಾಕಿಕೊಂಡು ಸ್ಕೂಟಿ ಹತ್ತಿದಳು.

ಕಂಪಲಾಪುರದ ಮನೆಯ ಜಗಲಿಯ ಮೇಲೆ ಪುಟ್ಟಮಲ್ಲಪ್ಪ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಗೌರೀಶ್. ತೆಳ್ಳಗಾಗಿದ್ದ. ಅವನ ಕೈಯಳತೆಯಲ್ಲಿ ಒಂದು ಕೋಲು. ಅವಳನ್ನು ಕಂಡು ಮುಖ ಅರಳಿತು, ಮರುಕ್ಷಣವೇ ಮುಚ್ಚಿಕೊಂಡಿತು.

“ಕುಂಟನ್ನ ನೋಡಾಕ್ ಬಂದ್ರಾ?”

“ಗೌರೀಶ್... ನಿಮ್ಮ ಕಾಲು ಮುರಿದದ್ದು ನಾನು.”

ಒಳಗಿನಿಂದ ಬರುತ್ತಿದ್ದ ಸುನಂದಮ್ಮ ಹೊಸಿಲಲ್ಲೇ ನಿಂತರು.

ಅವಳು ಸಿಲಿಂಡರನ್ನು ಜಗಲಿಯ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಐದನ್ನು ಆರೆಂದು ಓದಿದ್ದು, ಅಪಘಾತವಾದ ದಿನವೇ ಅದು ಗೊತ್ತಾಗಿದ್ದು, ಹೆದರಿ ಬಚ್ಚಿಟ್ಟುಕೊಂಡಿದ್ದು. 

“ಗಾಡಿದೇನೂ ತಪ್ಪಿಲ್ಲ ತಾತ. ನಿಮ್ಮದೂ ಇಲ್ಲ. ದಯವಿಟ್ಟು ಊಟ ಮಾಡಿ...”

ಸುನಂದಮ್ಮ ಮುಂದೆ ಬಂದರು. “ಆಸ್ಪತ್ರೇಲಿ ನಿನ್ನ ಕೈನೇ ಹಿಡ್ಕಂಡು ಅತ್ನಲ್ಲವ್ವ... ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ಬಾಯ್ ಬುಡಬಾರ್ದಿತ್ತಾ?” ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಗೌರೀಶ್ ಕೈ ಚಾಚಿದ. ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ದವಡೆ ಬಿಗಿದಿತ್ತು.  ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ...

“ತಾತ,” ಅಂದ ಕೊನೆಗೆ. “ಅವತ್ತು ಹೊರಡೋಕ್ ಮುಂಚೆನೇ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಇಲ್ಲೇ ಶೆಡ್ಡಲ್ಲೇ ನಂಗೆ ಗೊತ್ತಾಯ್ತು.”

“ಏನ್ಲಾ ಅಂಗಂದ್ರೆ?”

“ಬಿಚ್ಚಿ ನೋಡ್ಬೇಕಿತ್ತು. ನೋಡಲಿಲ್ಲ. ಇವ್ರಿಗೆ ಬತ್ತೀನಿ ಅಂತ ಮಾತು ಕೊಟ್ಟಿದ್ದೆ. ಇವತ್ತು ಹೇಳದಿದ್ರೆ ಇನ್ಯಾವತ್ತೂ ಧೈರ್ಯ ಬರಲ್ಲ ಅನ್ನಿಸ್ತು... ಅಂಗೇ ಗಾಡಿ ಹೊರಡಿಸ್ದೆ.” ಅವನು ತಲೆ ತಗ್ಗಿಸಿದ. “ಇದನ್ನ ನಿನ್ನ ಮುಂದೆ ಹೇಳೋಕೆ ನಂಗೂ ಬಾಯಿ ಬರಲಿಲ್ಲ ತಾತ.”



ಪುಟ್ಟಮಲ್ಲಪ್ಪ ಇಬ್ಬರನ್ನೂ ನೋಡಿದರು. ಕೇಳಿದರು, “ಅಂಗಾದ್ರೆ... ಇಬ್ರೂ ಸೇರ್ಕಂಡು ಇಷ್ಟು ದಿನ ನಿಮ್ ತಪ್ಪ ನನ್ನ ಗಾಡಿ ಮ್ಯಾಲೆ ಹಾಕಿದ್ರಾ?”



ಅಷ್ಟರಲ್ಲಿ ಸೋಮಯ್ಯನ ಗಾಡಿ ಮನೆ ಮುಂದೆ ಬಂದು ನಿಂತಿತು. ಪುಟ್ಟಮಲ್ಲಪ್ಪ ಗೋಡೆ ಹಿಡಿದು ಎದ್ದರು.

“ಲೇ ಸೋಮಯ್ಯ! ವಾಪಸ್ ಹೋಗ್ಲಾ! ನನ್ನ ಗಾಡಿ ಮುಟ್ಟಿದ್ರೆ ಕೈ ಕಡಿತೀನಿ!”

ಬೈಯುತ್ತಲೇ ಮೆಟ್ಟಿಲಿಳಿದು ಶೆಡ್ಡಿನ ಕಡೆ ನಡೆದರು. ನುಜ್ಜುಗುಜ್ಜಾದ ಬಾನೆಟ್ ಮೇಲೆ ಕೆನ್ನೆಯಿಟ್ಟು ಚಿಕ್ಕ ಮಗುವಿನಂತೆ ಬಿಕ್ಕಿದರು. ಸೋಮಯ್ಯ ಏನೂ ತಿಳಿಯದೆ ಗಾಡಿ ತಿರುಗಿಸಿಕೊಂಡು ಹೋದ.

ಜಗಲಿಯಲ್ಲಿ ಇಬ್ಬರೇ ಉಳಿದರು.

“ನಾನು ಹೊರಡ್ತೀನಿ,” ಅಂದಳು ರಮ್ಯಶ್ರೀ. “ಕ್ಷಮಿಸಿ ಅಂತ ಕೇಳೋ ಹಕ್ಕೂ ನಂಗಿಲ್ಲ.”

“ಅವತ್ತು ಏನ್ ಹೇಳಾಕ್ ಬತ್ತಿದ್ದೆ ಅಂತ ಕೇಳಲ್ವಾ?”

ಅವಳು ತಿರುಗಿ ನೋಡಿದಳು. ಅವನ ಕಣ್ಣು ತುಂಬಿತ್ತು.

“ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ,” ಅಂದ. “ಕಾಲು ಹೋಗಿದ್ದಕ್ಕಲ್ಲ. ನೀವು ಬರದೇ ಇದ್ರಲ್ಲ... ದಿನಾ ಬಾಗಿಲ ಕಡೆ ನೋಡ್ತಾ ಮಲಗಿರ್ತಿದ್ದೆ. ನರ್ಸು ಬಂದ್ರೂ ನೀವೇ ಅನ್ಕೊಳ್ತಿದ್ದೆ. ನೋವು ತಡೀಬೋದು ಕಣ್ರೀ, ಅದನ್ನ ತಡಿಯಾಕಾಗಲಿಲ್ಲ.”

“ಬಂದ್ರೆ ನೀವು ದೂರ ತಳ್ತೀರಿ ಅಂತ ಹೆದರಿದೆ ಗೌರೀಶ್. ನೀವಿಲ್ದೆ ಇರೋದು ನಂಗೂ...” ಮುಂದೆ ಅವಳಿಂದ ಆಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಅಳಬ್ಯಾಡ ರಮ್ಯಾ.”

ಮೊದಲ ಸಲ ಅವನು ಅವಳನ್ನು ಹಾಗೆ ಕರೆದಿದ್ದ.

“ನೀನಂದ್ರೆ ನಂಗೆ ಪ್ರಾಣ. ಅವತ್ತು ಹೇಳಾಕ್ ಬತ್ತಿದ್ದಿದ್ದು ಇಷ್ಟೇ. ಈಗ ಓಡಾಕಾಗಲ್ಲ, ಭಾರ ಹೊರಾಕಾಗಲ್ಲ. ಕೇಳೋಕೆ ಭಯ ಆಗುತ್ತೆ. ಆದ್ರೂ ಕೇಳ್ತೀನಿ... ನನ್ನ ಜೊತೆ ಇರ್ತೀಯಾ?”

“ಇರ್ತೀನಿ,” ಅಂದಳು ಬಿಕ್ಕುತ್ತಲೇ. “ಅಮ್ಮ? ಅವರು ನನ್ನ ಕ್ಷಮಿಸ್ತಾರಾ?”

“ಬೇಗ ಇಲ್ಲ. ಅವ್ವನ ಕೋಪ ಇಳಿಯಾಕೆ ಟೈಮ್ ಬೇಕು. ದಿನಾ ಬಂದು ಬೈಸ್ಕೊಬೇಕು ನೀನು.”

“ಬರ್ತೀನಿ.”

ಅವನು ಕೋಲು ಊರಿ ಏಳಲು ನೋಡಿದ. ಕಾಲು ತಡೆಯಲಿಲ್ಲ, ತಟಕ್ಕನೆ ಕೂತುಬಿಟ್ಟ. ಆ ಒಂದು ಕ್ಷಣ ಅವನ ಮುಖದಲ್ಲಿ ಅಸಹಾಯಕತೆ ಕಂಡಿತು.

ಅವಳು ಕೆನ್ನೆ ಒರೆಸಿಕೊಂಡು ಮುಂದೆ ಬಾಗಿದಳು.

“ಕೈ ಕೊಡಿ...”

“ನಾನಾ? ಕೈ ಕೊಟ್ಟು ಹೋಗಿದ್ದು ನೀನು!”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಇನ್ನು ಕೊಡಲ್ಲ. ಹಿಡ್ಕೋತೀನಿ, ಅಷ್ಟೇ.”

“ಗಟ್ಟಿಯಾಗ್ ಹಿಡ್ಕೊ,” ಅಂದ ಅವನು, “ಭಾರ ಇದ್ದೀನಿ.”

“ಇರಿ,” ಅಂದಳು ಅವಳು.