ಸಿದ್ದಲಿಂಗಪ್ಪ ಕಾಕಾನ ನಾಬ್

ಟ್ರಿಂವ್! ಟ್ರಿಂವ್! ಟ್ರಿಂ... ಟ್ರಿ... ಟಿಕ್.

“ಮತ್ತೆ ಸತ್ತಿತು!” ಜಯಲತಾ ಕಿರುಚಿದಳು.

ಗಿಟಾರ್ ಸತ್ತಿರಲಿಲ್ಲ. ಅದರ ವಾಲ್ಯೂಮ್ ಸೊನ್ನೆಗೆ ಇಳಿದಿತ್ತು, ಅಷ್ಟೇ. ಬೆಳಗ್ಗಿನಿಂದ ಇದು ಹದಿನೇಳನೇ ಸಲ. ಈ ಕತೆಯಲ್ಲಿ ಚೂರೂ ಸುಳ್ಳಿಲ್ಲ. ಬೇಕಾದರೆ ಎಂಬತ್ತನಾಲ್ಕನೇ ಇಸವಿಯಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ಆ ಮೂರು ಮಾಳಿಗೆಯ ಬಿಲ್ಡಿಂಗಿನಲ್ಲಿದ್ದ ಯಾವ ಕಿವಿಯನ್ನಾದರೂ ಕೇಳಿ ನೋಡಿ. ಅದರೊಳಗೆ ಇನ್ನೂ ಗುಂಯ್ ಎನ್ನುತ್ತಿರಬಹುದು.

ಗಿಟಾರ್ ಕುಶಲ ಮಾಮನದು. ದುಬೈಗೆ ಕೆಲಸಕ್ಕೆ ಹೋಗುವಾಗ ಮಾಮ ಅದನ್ನೂ ಅದರ ಪುಟ್ಟ ಸ್ಪೀಕರ್ ಡಬ್ಬವನ್ನೂ ಜಯಲತಾಳಿಗೆ ಕೊಟ್ಟು ಹೋಗಿದ್ದ. ಕೆಂಪು ಬಣ್ಣ, ಆರು ತಂತಿ, ಸಾಲಾಗಿ ಮೂರು ನಾಬ್. ಮೊದಲನೆಯದು ವಾಲ್ಯೂಮ್, ಅಂದರೆ ಸದ್ದು ಏರಿಸಲು, ಇಳಿಸಲು. ಉಳಿದೆರಡು ಟೋನ್, ಸದ್ದನ್ನು ಚೂಪು ಮಾಡಲು, ಮೊಂಡು ಮಾಡಲು.

ಆ ಮೊದಲನೆಯದನ್ನು ತಂತಿಗಳ ಪಕ್ಕಕ್ಕೇ ಕೂರಿಸಿದ ಪುಣ್ಯಾತ್ಮ ಯಾರೋ! ಮಾಮನ ಉದ್ದ ಕೈಗೆ ಅದು ಅಡ್ಡ ಬರುತ್ತಿರಲಿಲ್ಲ. ಹನ್ನೊಂದು ವರ್ಷದ ಜಯಲತಾಳ ಕಿರುಬೆರಳು ಮಾತ್ರ ಮೀಟಿದಾಗಲೆಲ್ಲ ಅದಕ್ಕೆ ತಾಗಿ, ಸದ್ದು ಇಳಿದು ಇಳಿದು ಮಾಯವಾಗುತ್ತಿತ್ತು.

ಅವಳು ಸಿಟ್ಟಿನಿಂದ ನಾಬನ್ನು ಸರಕ್ಕನೆ ತಿರುಗಿಸಿದಳು. ಟ್ರಾಂಯ್ಯ್! ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು.

“ಎಂತ ಮಾರಾಯ್ತಿ ನಿಂದು! ನನ್ನ ಎದೆ ಒಡ್ದು ಹೋಯ್ತು!”

ಅಷ್ಟರಲ್ಲಿ ಬಾಗಿಲು ಧಡ್ ಧಡ್. ಬಂದವರು ಕೆಳಗಿನ ಮಹಡಿಯ ಸಿದ್ದಲಿಂಗಪ್ಪ ಕಾಕಾ. ಧಾರವಾಡದ ಕಡೆಯವರು. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ಲಿವರ್ ಎಳೆದು ರಿಟೈರ್ ಆಗಿ, ಈಗ ಕನ್ನಡ ಸಂಘದ ಅಧ್ಯಕ್ಷರಾಗಿದ್ದರು. ಲಿವರ್ ಇಲ್ಲದೆ ಅವರ ಕೈ ಕಡಿಯುತ್ತಿತ್ತೋ ಏನೋ, ಯಾರ ಮನೆಗೆ ಹೋದರೂ ಫ್ಯಾನೋ ರೇಡಿಯೋನೋ ನಲ್ಲಿಯೋ, ಏನಾದರೊಂದನ್ನು ತಿರುಗಿಸದೆ ಹಿಂದಿರುಗುತ್ತಿರಲಿಲ್ಲ.

“ಏನವಾ ಇದು? ಒಮ್ಮೆ ಸೊಳ್ಳಿ ಅಂದಂಗ, ಒಮ್ಮೆ ಲೋಕಲ್ ಗಾಡಿ ಹಾರ್ನ್ ಹೊಡದಂಗ! ತಾ ಇಲ್ಲೆ.” ಮೊದಲನೇ ನಾಬನ್ನು ಅವರೇ ಇಳಿಸಿದರು. “ನೋಡು, ಶನಿವಾರ ಸಂಜಿಗೆ ಟೆರೇಸ್ ಮ್ಯಾಲೆ ರಿಹರ್ಸಲ್. ಅಲ್ಲಿ ಹದಾ ತಪ್ಪಿತಂದ್ರ ರವಿವಾರದ ಸಂಘದ ಪ್ರೋಗ್ರಾಮಿನ್ಯಾಗ ನಿನ್ನ ಹೆಸರಿಲ್ಲ. ತಿಳೀತಿಲ್ಲೋ?”

“ಕಾಕಾ, ಅದು ನನ್ನ ಗಲ್ತಿ ಅಲ್ಲ! ನಾಬ್...”

“ನಾಬ್ ಏನು ತಾನಾಗೇ ತಿರಗತದೇನು?”

ಹೌದು, ಹೆಚ್ಚುಕಡಿಮೆ ತಾನಾಗಿಯೇ ತಿರುಗುತ್ತದೆ ಎಂದು ಎಲ್ಲರಿಗೂ ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು. “ಕೈ ಮೇಲೆತ್ತಿ ಬಾರಿಸು” ಎಂದಿದ್ದರು ಮ್ಯೂಸಿಕ್ ಟೀಚರ್. ಎತ್ತಿದರೆ ತಂತಿಯೇ ಸಿಗುತ್ತಿರಲಿಲ್ಲ. ಸೆಲ್ಲೊಟೇಪ್ ಅಂಟಿಸಿದರೆ ಅದು ಬೆವರಿಗೆ ಕಿತ್ತು ಬಂದು ಬೆರಳಿಗೇ ಅಂಟಿತ್ತು. ಅಮ್ಮನದು ಒಂದೇ ರಾಗ: “ಹಾರ್ಮೋನಿಯಂ ಕಲಿ.”

ಶುಕ್ರವಾರ ಅಕ್ಕ ವಿನೋದಾಳಿಗೆ ರಜೆ. ಅಕ್ಕ ತುರ್ಭೆಯ ರೇಡಿಯೋ ಫ್ಯಾಕ್ಟರಿಯಲ್ಲಿ ದಿನಕ್ಕೆ ನೂರಾರು ತಂತಿಗಳಿಗೆ ಬೆಸುಗೆ ಹಾಕುವವಳು. ಅದಕ್ಕಿಂತ ಚೆನ್ನಾಗಿ ಮಾಡುತ್ತಿದ್ದದ್ದು ಮಿಮಿಕ್ರಿ.

“ಏನವಾ ಇದು? ತಾ ಇಲ್ಲೆ” ಎಂದು ಥೇಟ್ ಕಾಕಾನ ದನಿಯಲ್ಲಿ ಹೇಳುತ್ತ ಅವಳು ಗಿಟಾರಿನ ಸ್ಕ್ರೂ ಬಿಚ್ಚಿದಳು.

“ಅಕ್ಕಾ, ಹಾಳಾದ್ರೆ?”

“ಹಾರ್ಮೋನಿಯಂ ಉಂಟಲ್ಲ.”

ಬೆಸುಗೆ ಕಡ್ಡಿಯ ಪ್ಲಗ್ ಚುಚ್ಚಿದ ಮೇಲೆ ನೆನಪಾಯಿತು. ಶುಕ್ರವಾರ ಹಗಲಿಡೀ ಕರೆಂಟಿಲ್ಲ! ಜಯಲತಾ ನೆಲದ ಮೇಲೆ ಅಂಗಾತ ಬಿದ್ದುಕೊಂಡಳು. “ಬಸ್! ಖತಂ!”

ಅಕ್ಕ ಕಡ್ಡಿಯ ತುದಿಯನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕಾಯಿಸಿದಳು. ಆದರೆ ಅವಳು ಹಾಲ್‌ಗೆ ಓಡಿ ಬರುವಷ್ಟರಲ್ಲೇ ಅದು ಆರುತ್ತಿತ್ತು. ಕೊನೆಗೆ ಗಿಟಾರನ್ನೇ ಅಡುಗೆಮನೆಗೆ ತಂದು ಮಲಗಿಸಿದರು. ಅಮ್ಮ ಒಂದು ದೋಸೆ ಹೊಯ್ದರೆ ಅಕ್ಕ ಒಂದು ಬೆಸುಗೆ.

“ನನ್ನ ಸ್ಟವ್ವಾ, ನಿಮ್ಮ ಕಾರ್ಖಾನೆಯಾ?” ಎಂದು ಅಮ್ಮ ಗೊಣಗುತ್ತಲೇ ಇದ್ದಳು.

ಎಂಟು ದೋಸೆ ಮುಗಿಯುವಾಗ ವಾಲ್ಯೂಮಿನ ತಂತಿಗಳು ಕೊನೆಯ ನಾಬಿಗೆ, ಕೈ ತಾಗದಷ್ಟು ದೂರಕ್ಕೆ ಹೋಗಿದ್ದವು. ನಡುವಿನದು ಟೋನ್ ಆಗಿಯೇ ಉಳಿಯಿತು. ಮೊದಲನೆಯದಕ್ಕೆ ಈಗ ಒಂದು ತಂತಿಯೂ ಇಲ್ಲ.

“ಅದನ್ನು ಕಿತ್ತು ಹಾಕು” ಎಂದಳು ಜಯಲತಾ.

“ಕಿತ್ರೆ ತೂತು ಬೀಳ್ತದೆ, ಜಿರಳೆ ಸಂಸಾರ ಹೂಡ್ತದೆ. ಇರ್ಲಿ, ಸುಮ್ಮನೆ ತಿರುಗ್ತಾ ಇರ್ಲಿ. ನಿನ್ನ ಕೈ ತಾಗಿದ್ರೂ ಎಂತ ಆಗುದಿಲ್ಲ.” ಅಕ್ಕನ ಕಣ್ಣು ಸಣ್ಣದಾಯಿತು. “‘ವಾಲ್ಯೂಮ್’ ಅಂತ ಬರೆದದ್ದೂ ಅದರ ತಲೆ ಮೇಲೇ ಇರ್ಲಿ. ಯಾರಿಗಾದ್ರೂ ತಿರುಗಿಸ್ಲಿಕ್ಕೆ ಬೇಕಾಗ್ತದೆ.”

ಇಬ್ಬರೂ ನೆಲದ ಕಡೆ, ಅಂದರೆ ಕೆಳಗಿನ ಮಹಡಿಯ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು.

ಶನಿವಾರ ಟೆರೇಸಿನ ಮೇಲೆ ಸಂಘದವರೆಲ್ಲ ಚಾಪೆ ಹಾಸಿ ಕೂತಿದ್ದರು. ಜಯಲತಾ ಎರಡು ಸಾಲು ನುಡಿಸಿದ್ದಳಷ್ಟೆ.

“ಜಾಸ್ತಿ ಆತು!” ಕಾಕಾ ಎದ್ದು ಬಂದು ಮೊದಲನೇ ನಾಬನ್ನು ಕೂದಲೆಳೆಯಷ್ಟು ಇಳಿಸಿದರು. “ಈಗ ನುಡಸು... ಊಂಹೂಂ, ಇನ್ನೊಂಚೂರು.” ಮತ್ತೆ ಇಳಿಸಿ, ತಲೆ ವಾಲಿಸಿ ಕೇಳಿದರು. “ಹಾಂ! ಈಗ ನೋಡ್ರಿ, ಹೆಂಗ ಹದಕ್ಕ ಬಂತು! ಕೈಯಾಗ ಅಂದಾಜ ಇರಬೇಕು!”

ಅಕ್ಕ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ನೀರಿನ ಟ್ಯಾಂಕಿನ ಹಿಂದೆ ಓಡಿದಳು.

ಜಯಲತಾ ನುಡಿಸುತ್ತಾ ಹೋದಳು. ಕಿರುಬೆರಳು ನಾಬಿಗೆ ತಾಗಿತು. ಏನೂ ಆಗಲಿಲ್ಲ! ಮತ್ತೆ ತಾಗಿತು. ತಾಗಲಿ! ಟ್ಯೂನ್ ಏರಿತು, ತಿರುಗಿತು, ಇಳಿದು ಬಂದು ನಿಂತಿತು. ತಲೆ ಎತ್ತಿದರೆ ಕಾಕಾ ಕಣ್ಣು ಮುಚ್ಚಿ ಮಂಡಿಯ ಮೇಲೆ ತಾಳ ಹಾಕುತ್ತಿದ್ದರು. ಸದ್ದು ಇಳಿಸಲೆಂದು ಅಷ್ಟು ಸಲ ಮೆಟ್ಟಿಲು ಹತ್ತಿ ಬಂದಿದ್ದರೂ ಈ ಟ್ಯೂನ್ ಹೇಗೆ ಮುಗಿಯುತ್ತದೆ ಎಂದು ಅವರು ಕೇಳಿಯೇ ಇರಲಿಲ್ಲ. ಯೋಚಿಸಿದರೆ ಅವಳೂ ಸರಿಯಾಗಿ ಕೇಳಿದ್ದು ಇವತ್ತೇ.

“ಪಾಸ್! ರವಿವಾರ ಮೊದಲನೇ ಐಟಂ ನಿಂದ!” ಕಾಕಾ ಪೆನ್ಸಿಲಿನಿಂದ ಅವಳ ಹೆಸರು ಬರೆದುಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಕೈ ತೊಳೆಯಲು ಟ್ಯಾಂಕಿನ ಕಡೆ ಹೋದರು.

ಅಲ್ಲಿ ಅಕ್ಕ ಗೆಳತಿಯರ ಮುಂದೆ ನಿಂತು, “ಕೈಯಾಗ ಅಂದಾಜ ಇರಬೇಕು! ತಂತೀನ ಇಲ್ಲದ ನಾಬಿನ್ಯಾಗ!” ಎನ್ನುತ್ತಿದ್ದಳು.

“ಏನಂದಿ? ತಂತಿ ಇಲ್ಲ?”

ಕಾಕಾ ತಿರುಗಿ ಜಯಲತಾಳನ್ನು ನೋಡಿದರು. ಪೆನ್ಸಿಲ್ ಇನ್ನೂ ಅವರ ಕಿವಿಯ ಮೇಲಿತ್ತು. ಬರೆದ ಹೆಸರು ಅಳಿಸಲು ಎಷ್ಟು ಹೊತ್ತು? ಅಕ್ಕ ತಮಾಷೆಗೆ ಹೇಳಿದ್ದು ಎಂದುಬಿಡಬಹುದಿತ್ತು.

“ಹೌದು ಕಾಕಾ” ಎಂದಳು ಅವಳು. “ವಾಲ್ಯೂಮ್ ಈಗ ಕೊನೇದು. ನೀವು ತಿರುಗ್ಸಿದ್ದು... ಸುಮ್ನೆ ತಿರುಗ್ತದೆ.”

“ನುಡಸು.”

ಅವಳು ಮೀಟಿದಳು. ಕಾಕಾ ನಾಬನ್ನು ಪೂರಾ ಏರಿಸಿದರು. ಅದೇ ಸದ್ದು. ಸೊನ್ನೆಗೆ ಇಳಿಸಿದರು. ಅದೇ ಸದ್ದು. ಅವರ ಮೀಸೆ ಅದುರತೊಡಗಿತು.

“ಬಿಳೇ ಲಿವರ್!” ಎಂದರು.

ಯಾರಿಗೂ ಅರ್ಥವಾಗಲಿಲ್ಲ.

“ನಮ್ಮ ಕ್ಯಾಬಿನ್‌ನ್ಯಾಗ ಒಂದು ಬಿಳೇ ಲಿವರ್ ಇತ್ತು. ಯಾವ ಸಿಗ್ನಲ್ಲಿಗೂ ಜೋಡಿಸಿರಲಿಲ್ಲ. ಹೊಸಬರು ಕೆಲಸಕ್ಕ ಬಂದ್ರ, ‘ಎಳಿಯೋ, ಮೇಲ್ ಗಾಡಿ ಬಂತು, ಎಳಿ!’ ಅಂತ ಅದನ್ನ ಎಳಸತಿದ್ದೆ. ಬೆವರು ಸುರಿಸಿ ಎಳೀತಿದ್ರು! ಎಷ್ಟ ಮಂದೀನ ಎಳಸೀನಿ! ಇವತ್ತ... ಇವತ್ತ ನೀವು ನನ್ನ ಕಡೆ...”

ಮಾತು ಮುಗಿಯಲಿಲ್ಲ. ನಗು ಹೊಟ್ಟೆಯಿಂದ ಎದ್ದು ಬಂದು ಮೀಸೆ ದಾಟಿ ಸ್ಫೋಟಿಸಿತು. ಅವರು ಟ್ಯಾಂಕಿಗೆ ಒರಗಿ ನಕ್ಕರು, ಚಾಪೆಯ ಮೇಲೆ ಕೂತು ನಕ್ಕರು. ಅಕ್ಕ ನಕ್ಕಳು, ಅಮ್ಮ ನಕ್ಕಳು, ಎಲ್ಲರ ನಗುವನ್ನೂ ಕಾಕಾನ ನಗು ನುಂಗಿ ಹಾಕಿತು.

ಪಕ್ಕದ ಬಿಲ್ಡಿಂಗಿನ ಕಿಟಕಿಯಿಂದ ಸದ್ದು ಕಡಿಮೆ ಮಾಡಿ ಎಂದು ಯಾರೋ ಮರಾಠಿಯಲ್ಲಿ ಕೂಗಿದರು: “ಅಹೋ, ಆವಾಜ್ ಕಮೀ ಕರಾ!”

ಜಯಲತಾ ಗಿಟಾರನ್ನು ಕಾಕಾನ ಮುಂದೆ ಹಿಡಿದಳು. ಅವರು ಕಣ್ಣೊರೆಸಿಕೊಂಡು, ಬಹಳ ಗಂಭೀರವಾಗಿ ಮೊದಲನೇ ನಾಬನ್ನು ಸೊನ್ನೆಗೆ ಇಳಿಸಿದರು. ಆಮೇಲೆ ಮೊದಲಿಗಿಂತ ಜೋರಾಗಿ ನಕ್ಕರು.